ಬ್ಯಾರಿಸ್ಟರ್ ಗಾಂಧಿಯವರ ವೃತ್ತಿಧರ್ಮ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಊರಿನಲ್ಲಿ ಅಣ್ಣತಮ್ಮಂದಿರ ಪಾಲಿನ ತಂಟೆ, ಹೊಲದ ಬದುವಿನ ವ್ಯಾಜ್ಯ. ಹೊಟ್ಟೆಪಾಡಿಗಾಗಿ ಬಂದು ನೆಲೆನಿಂತ ಈ ಮುಂಬಯಿಯಲ್ಲಿ ಬಾಡಿಗೆ ಖೋಲಿಯ ತಕರಾರು, ಪಾಲುಗಾರಿಕೆಯ ಹೋಟೆಲಿನ ಲೆಕ್ಕದ ಜಗಳ. ಹೀಗೆ ಒಂದಲ್ಲ ಒಂದು ಕಾರಣದಿಂದ ನಮ್ಮಲ್ಲಿ ಅನೇಕರು ವಕೀಲರ ಮನೆಯ ಮೆಟ್ಟಿಲು ಹತ್ತಿದವರೇ. ಹತ್ತುವಾಗ ಮನಸ್ಸಿನಲ್ಲಿ ಅರ್ಧ ಭರವಸೆ, ಅರ್ಧ ಭಯ. ವಕೀಲಿಯೆಂದರೆ ಸುಳ್ಳನ್ನು ನಿಜ ಮಾಡುವ ವಿದ್ಯೆಯೆಂಬ ಮಾತು ನಮ್ಮ ಹಿರಿಯರ ಕಾಲದಿಂದಲೂ ನಡೆದುಬಂದಿದೆ. ಆದರೂ ನಮ್ಮ ಮನೆಗಳ ಹುಡುಗ ಹುಡುಗಿಯರು ಕಾಯಿದೆಯ ಕಾಲೇಜು ಸೇರುತ್ತಿದ್ದಾರೆ, ಸೇರಬೇಕಾದುದೂ ಸರಿಯೇ. ಹಾಗೆ ಸೇರಿದವರ ಮುಂದೆ ಯಾರ ಬಾಳನ್ನು ಕನ್ನಡಿಯಾಗಿ ಹಿಡಿಯೋಣ?

ಈ ಪ್ರಶ್ನೆಗೆ ನಾವು ಕೊಡುವ ಉತ್ತರ ಬಲು ಪರಿಚಿತವಾದುದು. ನಮ್ಮ ಸಂಘ ಸಂಸ್ಥೆಗಳ ಗೋಡೆಯ ಮೇಲೆ, ನೋಟಿನ ಮೇಲೆ ದಿನವೂ ಕಾಣುವ ಮುಖ ಅದು. ಮಹಾತ್ಮಾ ಗಾಂಧಿಯವರು ಸುಮಾರು 20 ವರ್ಷ ವಕೀಲಿ ಮಾಡಿದವರೆಂಬುದನ್ನು ಎಲ್ಲರೂ ಬಲ್ಲರು. ಆ 20 ವರ್ಷ ಹೇಗೆ ಮಾಡಿದರೆಂಬುದನ್ನು ಬಲ್ಲವರು ಕಡಿಮೆ. ಮೊಣಕಾಲುದ್ದದ ಪಂಚೆಯ ಮುದುಕನ ಹಿಂದೆ, ಕಾಲರು ಟೈ ತೊಟ್ಟು ಲೆಕ್ಕದ ಪುಸ್ತಕಗಳ ರಾಶಿಯಲ್ಲಿ ತಲೆ ಹುದುಗಿಸಿದ್ದ ಒಬ್ಬ ತರುಣ ಮರೆಯಾಗಿಬಿಟ್ಟಿದ್ದಾನೆ. ಅವನ ಕಥೆಯನ್ನು ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ಹೇಳಬೇಕೆಂದು ನಮ್ಮ ಬಯಕೆ. ಗಾಂಧಿಯವರು ವೃತ್ತಿಧರ್ಮವನ್ನು ಹುಟ್ಟುತ್ತಲೇ ಹೊತ್ತು ತಂದವರಲ್ಲ, ಸನ್ನದಿನೊಡನೆ ಪಡೆದವರೂ ಅಲ್ಲ. ಒಂದೊಂದು ಮೊಕದ್ದಮೆಯಲ್ಲಿ, ಒಂದೊಂದು ಸೋಲಿನಲ್ಲಿ, ಒಂದೊಂದು ಅವಮಾನದಲ್ಲಿ ಕಲಿತವರು. ಈ ಕಥೆಯಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಅದೇ.

ಮೋಹನದಾಸ ಕರಮಚಂದ ಗಾಂಧಿಯವರು ಹುಟ್ಟಿದುದು 1869ರ ಅಕ್ಟೋಬರ್ 2ರಂದು, ಕಾಠಿಯಾವಾಡದ ಪೋರಬಂದರಿನಲ್ಲಿ. ತಂದೆ ಕರಮಚಂದರು ಸಂಸ್ಥಾನದ ದಿವಾನರಾಗಿದ್ದವರು. ತಂದೆಯ ಮರಣಾನಂತರ, ದಿವಾನಗಿರಿಯ ಮನೆತನ ಉಳಿಯಬೇಕಾದರೆ ಮಗ ಬ್ಯಾರಿಸ್ಟರನಾಗಿ ಬರಬೇಕೆಂದು ಕುಟುಂಬದ ಹಿತೈಷಿಯೊಬ್ಬರು ಸಲಹೆ ಕೊಟ್ಟರು. ಸಮುದ್ರ ದಾಟುವವನನ್ನು ಜಾತಿಯಿಂದ ಹೊರಗಿಡುತ್ತೇವೆಂದು ಮುಂಬಯಿಯ ಅವರ ಜಾತಿಪಂಚಾಯ್ತಿ ತೀರ್ಪಿತ್ತಿತು. ಆ ಬೆದರಿಕೆಗೆ ಬಗ್ಗದೆ 1888ರ ಸೆಪ್ಟೆಂಬರ್ 4ರಂದು ಅವರು ಇದೇ ಮುಂಬಯಿಯ ಬಂದರಿನಿಂದ ಹಡಗು ಹತ್ತಿದರು. ಆಗ ಅವರಿಗೆ ಇನ್ನೂ 19 ತುಂಬಿರಲಿಲ್ಲ.

ಲಂಡನ್ನಿನಲ್ಲಿ ಅವರು ಸೇರಿದುದು ಇನ್ನರ್ ಟೆಂಪಲ್ ಎಂಬ ನ್ಯಾಯವಾದಿಗಳ ಸಂಸ್ಥೆಯನ್ನು. ಅಂದಿನ ಕಾಯಿದೆಯ ಶಿಕ್ಷಣದಲ್ಲಿ ಪರೀಕ್ಷೆಗಳಷ್ಟೇ ಮುಖ್ಯವಾದುದು ಊಟ! ಮೂರು ವರ್ಷಗಳಲ್ಲಿ ಹನ್ನೆರಡು ಅವಧಿ, ಪ್ರತಿ ಅವಧಿಯಲ್ಲಿ ಕನಿಷ್ಠ ಆರು ಸಲ ಸಂಸ್ಥೆಯ ಭೋಜನಕ್ಕೆ ಹಾಜರಿ ಹಾಕಬೇಕು. ನಾಲ್ವರು ಕೂರುವ ಪಂಕ್ತಿಗೆ ಎರಡು ಬಾಟಲಿ ದ್ರಾಕ್ಷಾರಸ. ಕುಡಿಯದ ಗಾಂಧಿಯವರು ತಮ್ಮ ಪಂಕ್ತಿಗೇ ಬರಲೆಂದು ಸಹಪಾಠಿಗಳು ಪೈಪೋಟಿ ನಡೆಸುತ್ತಿದ್ದರಂತೆ. ಗಾಂಧಿಯವರು ರೋಮನ್ ಕಾಯಿದೆಯನ್ನು ಲ್ಯಾಟಿನ್ ಭಾಷೆಯಲ್ಲೇ ಓದಿದರು, ಇಂಗ್ಲಿಷ್ ಕಾಯಿದೆಯ ದಪ್ಪ ದಪ್ಪ ಗ್ರಂಥಗಳನ್ನು ತಿಂಗಳುಗಟ್ಟಲೆ ಕುಳಿತು ಮುಗಿಸಿದರು. 1891ರ ಜೂನ್ 10ರಂದು ಬ್ಯಾರಿಸ್ಟರರಾದರು, 11ರಂದು ಹೈಕೋರ್ಟಿನಲ್ಲಿ ಹೆಸರು ದಾಖಲಿಸಿದರು, 12ರಂದು ಸ್ವದೇಶಕ್ಕೆ ಹೊರಟರು.

ಪದವಿ ಕೈಸೇರಿದರೂ ಧೈರ್ಯ ಕೈಸೇರಿರಲಿಲ್ಲ. ಕಾಯಿದೆ ಓದಿದ್ದರೇ ಹೊರತು ವಕೀಲಿ ಮಾಡುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಸರ್ ಫಿರೋಜ್‌ಶಹಾ ಮೆಹತಾರಂತಹ ಸಿಂಹಗಳು ಗರ್ಜಿಸುವ ಕಡೆ ತಮ್ಮಂತಹವರಿಗೆ ಎಡೆಯೆಲ್ಲಿ ಎಂಬ ಅಳುಕು ಅವರನ್ನು ಕಾಡುತ್ತಿತ್ತು. ಲಂಡನ್ ಬಿಡುವ ಮುನ್ನ ಅವರು ಪಿಂಕಟ್ ಎಂಬ ಹಿರಿಯರ ಬಳಿ ಹೋಗಿ ಈ ಅಳುಕನ್ನು ತೋಡಿಕೊಂಡರು. ಎಲ್ಲರೂ ಮೆಹತಾರಾಗಬೇಕಿಲ್ಲ, ಪ್ರಾಮಾಣಿಕತೆ ಮತ್ತು ದುಡಿಮೆ ಇದ್ದರೆ ಸಾಮಾನ್ಯ ವಕೀಲನಿಗೆ ಹೊಟ್ಟೆಗೆ ಕೊರತೆಯಾಗದು ಎಂದು ಆ ಹಿರಿಯರು ಸಮಾಧಾನ ಹೇಳಿ ಕಳಿಸಿದರು. ಈ ಸಲಹೆಯ ಬೆಲೆ ಗಾಂಧಿಯವರಿಗೆ ತಿಳಿದುದು ಬಹಳ ತಡವಾಗಿ.

ಮುಂಬಯಿಗೆ ಬಂದು ಗಿರಗಾಂವಿನಲ್ಲಿ ಬಾಡಿಗೆಗೆ ಮನೆ ಹಿಡಿದರು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಬಾಳು ಆರಂಭಿಸಿದ ಆ ಗಿರಗಾಂವಿನ ಗಲ್ಲಿಗಳಲ್ಲೇ ಈ ಬ್ಯಾರಿಸ್ಟರರೂ ಖರ್ಚಿಗೂ ಗಳಿಕೆಗೂ ಹೊಂದಿಕೆಯಾಗದೆ ತೊಳಲಿದವರು. ದಿನವೂ ಹೈಕೋರ್ಟಿಗೆ ಹೋಗಿ ಕೂರುವರು. ನಡೆಯುವ ವಾದ ತಲೆಗೆ ಹತ್ತದೆ ಎಷ್ಟೋ ಸಲ ತೂಕಡಿಸುವರು. ಕೊನೆಗೊಂದು ದಿನ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮಮೀಬಾಯಿ ಎಂಬಾಕೆಯ ಸಣ್ಣ ಮೊಕದ್ದಮೆ ಸಿಕ್ಕಿತು. ಸಿಕ್ಕಿದೊಡನೆಯೇ ಧರ್ಮದ ಪ್ರಶ್ನೆಯೂ ಎದುರಾಯಿತು. ಮೊಕದ್ದಮೆ ತಂದ ದಲ್ಲಾಳಿಗೆ ಕಮಿಷನ್ ಕೊಡಬೇಕೆಂದು ಹೇಳಿದರು. ತಿಂಗಳಿಗೆ ಮೂರು ನಾಲ್ಕು ಸಾವಿರ ಗಳಿಸುವ ದೊಡ್ಡ ವಕೀಲರೂ ಕೊಡುತ್ತಾರೆಂದು ಉದಾಹರಣೆಯನ್ನೂ ತೋರಿಸಿದರು. ಗಾಂಧಿಯವರು ಒಪ್ಪಲಿಲ್ಲ. ಅಷ್ಟು ಗಳಿಕೆ ತಮಗೆ ಬೇಡ, ತಿಂಗಳಿಗೆ 300 ಸಿಕ್ಕರೆ ಸಾಕು, ತಂದೆಗೂ ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ ಎಂಬುದು ಅವರ ನಿಲುವು. ಕಮಿಷನ್ ಕೊಡದೆಯೇ ಮೊಕದ್ದಮೆ ಉಳಿಯಿತು. ಫೀ 30 ರೂಪಾಯಿ.

ಪ್ರತಿವಾದಿಯ ಪರವಾಗಿ ಎದ್ದು ನಿಂತರು. ಫಿರ್ಯಾದಿಯ ಸಾಕ್ಷಿಗಳಿಗೆ ಪಾಟೀಸವಾಲು ಹಾಕಬೇಕು. ಕಾಲು ನಡುಗಿತು, ತಲೆ ಸುತ್ತಿತು, ಇಡೀ ಕೋರ್ಟೇ ಸುತ್ತಿದಂತಾಯಿತು. ಒಂದು ಪ್ರಶ್ನೆಯೂ ಬಾಯಿಗೆ ಬರಲಿಲ್ಲ. ಕುಳಿತುಬಿಟ್ಟರು. ಈ ಮೊಕದ್ದಮೆ ತಮ್ಮಿಂದಾಗದು, ಪಟೇಲರನ್ನು ಗೊತ್ತು ಮಾಡಿಕೊಳ್ಳಿ ಎಂದು ಹೇಳಿ ಫೀಯನ್ನು ಹಿಂದಕ್ಕೆ ಕೊಟ್ಟರು. ಪಟೇಲರು 51 ರೂಪಾಯಿಗೆ ಒಪ್ಪಿದರು. ತಮ್ಮ ಕಕ್ಷಿದಾರಳು ಗೆದ್ದಳೋ ಸೋತಳೋ ಎಂಬುದನ್ನೂ ತಿಳಿಯದೆ ಗಾಂಧಿಯವರು ಕೋರ್ಟಿನಿಂದ ಓಡಿದರು.

ಈ ಪ್ರಸಂಗವನ್ನು ಜನ ನಗುವುದಕ್ಕಾಗಿ ಹೇಳುವುದುಂಟು. ನಮಗೆ ಕಾಣುವುದು ಬೇರೆ. ಕೈಯಲ್ಲಿ ಕಾಸಿಲ್ಲದ ತರುಣ, ಬಂದ ಮೊದಲ ಫೀಯನ್ನು ಹಿಂದಿರುಗಿಸುವುದು ಸುಲಭವಲ್ಲ. ತನ್ನ ಕೈಲಾಗದ ಕೆಲಸಕ್ಕೆ ಹಣ ಹಿಡಿಯಬಾರದು, ಕೈಲಾಗುವವನ ಬಳಿಗೆ ಕಕ್ಷಿದಾರನನ್ನು ಕಳಿಸಬೇಕು ಎಂಬ ವಿವೇಕ ಆ ಗಾಬರಿಯಲ್ಲೂ ಅವರನ್ನು ಬಿಟ್ಟಿರಲಿಲ್ಲ. ಮುಂದೆ ಹೆಸರಾಂತ ವಕೀಲರಾದ ಮೇಲೂ, ತಮಗೆ ತಿಳಿಯದ ವಿಷಯ ಬಂದಾಗ ಕಕ್ಷಿದಾರರಿಗೆ ಅದನ್ನು ಮುಚ್ಚಿಡದೆ ಬೇರೆ ವಕೀಲರ ಸಲಹೆ ಕೇಳಿರೆಂದು ಅವರು ಹೇಳುತ್ತಿದ್ದರು.

ಆರು ತಿಂಗಳಲ್ಲಿ ಮುಂಬಯಿಯ ಸಂಸಾರ ಕಿತ್ತು ರಾಜಕೋಟೆಗೆ ಹೋದರು. ಅಲ್ಲಿ ಅರ್ಜಿ, ಮನವಿಗಳನ್ನು ಬರೆದುಕೊಡುವ ಕೆಲಸದಿಂದ ತಿಂಗಳಿಗೆ 300 ರೂಪಾಯಿ ಬರತೊಡಗಿತು. ಆದರೆ ಮುಂಬಯಿಯಲ್ಲಿ ಉಳಿಸಿಕೊಂಡ ನೇಮ ಇಲ್ಲಿ ಸಡಿಲವಾಯಿತು. ಕೆಲಸ ಕಳಿಸುವ ವಕೀಲರಿಗೆ ಪಾಲು ಕೊಡಬೇಕೆಂದು ಅಣ್ಣ ಲಕ್ಷ್ಮೀದಾಸರು ಒತ್ತಾಯಿಸಿದರು. ದಲ್ಲಾಳಿಗೆ ಕೊಡುವುದು ಬೇರೆ, ವಕೀಲನಿಗೆ ಕೊಡುವುದು ಬೇರೆ ಎಂದು ತರ್ಕ ಹೂಡಿದರು. ಗಾಂಧಿಯವರು ಮಣಿದರು. ಮಣಿದುದನ್ನೂ, ಹಾಗೆ ಮಣಿಯುವಾಗ ತಮ್ಮನ್ನು ತಾವೇ ವಂಚಿಸಿಕೊಂಡುದನ್ನೂ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮನೆಯವರ ಪ್ರೀತಿಯ ಒತ್ತಾಯದಲ್ಲಿ ನೇಮ ಮುರಿಯುವುದು ಎಷ್ಟು ಸುಲಭವೆಂಬುದನ್ನು ಸಂಸಾರಸ್ಥರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಪೆಟ್ಟೂ ಅಣ್ಣನ ಮಮತೆಯಿಂದಲೇ ಬಂತು. ಪೋರಬಂದರಿನ ರಾಣಾಸಾಹೇಬರಿಗೆ ತಪ್ಪು ಸಲಹೆ ಕೊಟ್ಟರೆಂಬ ಆಪಾದನೆ ಲಕ್ಷ್ಮೀದಾಸರ ಮೇಲಿತ್ತು. ವಿಷಯ ಬ್ರಿಟಿಷ್ ಪೊಲಿಟಿಕಲ್ ಏಜೆಂಟರ ಮುಂದಿತ್ತು. ಆ ಅಧಿಕಾರಿಯನ್ನು ಗಾಂಧಿಯವರು ಇಂಗ್ಲೆಂಡಿನಲ್ಲಿ ಕಂಡಿದ್ದರು. ಆ ಪರಿಚಯವನ್ನು ಬಳಸಿ ಒಂದು ಮಾತು ಹೇಳೆಂದು ಅಣ್ಣ ಬೇಡಿದರು. ಮನಸ್ಸೊಪ್ಪದಿದ್ದರೂ ಗಾಂಧಿಯವರು ಹೋದರು. ಹೇಳಿಕೊಳ್ಳುವುದಿದ್ದರೆ ಅಣ್ಣನೇ ಕ್ರಮಪ್ರಕಾರ ಅರ್ಜಿ ಕೊಡಲೆಂದು ಅಧಿಕಾರಿ ಹೇಳಿ ಎದ್ದ. ಗಾಂಧಿಯವರು ಮಾತು ಮುಂದುವರಿಸಿದಾಗ ಸಿಪಾಯಿ ಅವರ ಹೆಗಲು ಹಿಡಿದು ಹೊರಕ್ಕೆ ದೂಡಿದ. ದಾವೆ ಹೂಡಬೇಕೆಂದು ಕುದಿಯುತ್ತಿದ್ದವರಿಗೆ, ಆಗ ರಾಜಕೋಟೆಗೆ ಬಂದಿದ್ದ ಫಿರೋಜ್‌ಶಹಾ ಮೆಹತಾರಿಂದ ಬಂದ ಸಲಹೆ, ಅವಮಾನವನ್ನು ನುಂಗಿಕೊಳ್ಳಬೇಕೆಂಬುದು. ಕಹಿಯಾದರೂ ನುಂಗಿದರು. ಆ ಅಧಿಕಾರಿಯ ದರ್ಪ ತಪ್ಪೇ. ಆದರೆ ಸ್ನೇಹವನ್ನು ಶಿಫಾರಸಿಗೆ ಬಳಸಲು ಹೋದುದು ತಮ್ಮ ತಪ್ಪೆಂದು ಗಾಂಧಿಯವರು ಕಂಡುಕೊಂಡರು. ಇನ್ನು ಮುಂದೆ ಎಂದಿಗೂ ಹಾಗೆ ಮಾಡೆನೆಂದು ನಿಶ್ಚಯಿಸಿದರು. ಅದನ್ನು ಕೊನೆಯವರೆಗೂ ನಡೆಸಿದರು.

ಹೀಗಿರಲು 1893ರಲ್ಲಿ ದಾದಾ ಅಬ್ದುಲ್ಲಾ ಎಂಬ ಪೋರಬಂದರಿನ ಮೇಮನ್ ವರ್ತಕರ ಸಂಸ್ಥೆ ಅವರನ್ನು ದಕ್ಷಿಣ ಆಫ್ರಿಕಕ್ಕೆ ಕರೆಯಿತು. ಒಂದು ವರ್ಷದ ಕೆಲಸ, 105 ಪೌಂಡು ಸಂಬಳ, ಹೋಗಿಬರುವ ಮೊದಲ ದರ್ಜೆಯ ಪ್ರಯಾಣದ ಖರ್ಚು. ಬ್ಯಾರಿಸ್ಟರರಿಗಿಂತ ಗುಮಾಸ್ತನಿಗೆ ಒಪ್ಪುವ ಕೆಲಸ, ಆದರೂ ಒಪ್ಪಿದರು. ಪೀಟರ್‌ಮಾರಿಟ್ಸ್‌ಬರ್ಗಿನ ಚಳಿಯ ರಾತ್ರಿಯಲ್ಲಿ ರೈಲಿನಿಂದ ಹೊರದೂಡಲ್ಪಟ್ಟ ಕಥೆ ಎಲ್ಲರಿಗೂ ಗೊತ್ತು. ಆ ಪ್ರಯಾಣ ಯಾವ ಮೊಕದ್ದಮೆಗಾಗಿ ಎಂಬುದು ನಮಗೆ ಇಲ್ಲಿ ಮುಖ್ಯ. ಪ್ರಿಟೋರಿಯಾದಲ್ಲಿದ್ದ ತಯ್ಯಬ್ ಸೇಠರ ಮೇಲೆ ದಾದಾ ಅಬ್ದುಲ್ಲಾರು 40,000 ಪೌಂಡಿನ ದಾವೆ ಹೂಡಿದ್ದರು. ಇಬ್ಬರೂ ಒಂದೇ ಊರಿನವರು, ಬಂಧುಗಳು.

ಗಾಂಧಿಯವರಿಗೆ ಜಮಾಖರ್ಚಿನ ಗಂಧವೂ ಇರಲಿಲ್ಲ. ಪುಸ್ತಕ ಕೊಂಡು ಲೆಕ್ಕಪತ್ರದ ವಿದ್ಯೆಯನ್ನು ಮೊದಲಿನಿಂದ ಕಲಿತರು. ಕಟ್ಟುಕಟ್ಟು ಕಾಗದಗಳನ್ನು ಓದಿ, ಗುಜರಾತಿಯಿಂದ ಅನುವಾದಿಸಿ, ಮೊಕದ್ದಮೆಯ ಒಂದೊಂದು ಸಂಗತಿಯನ್ನೂ ಕರತಲಾಮಲಕ ಮಾಡಿಕೊಂಡರು. ಸಂಗತಿಗಳನ್ನು ಸರಿಯಾಗಿ ಹಿಡಿದರೆ ಕಾಯಿದೆ ತಾನಾಗಿ ಹಿಂದೆ ಬರುತ್ತದೆಂಬ ಪಾಠ ಅಲ್ಲಿ ಗಟ್ಟಿಯಾಯಿತು. ತಮ್ಮ ಕಕ್ಷಿದಾರನ ಪಕ್ಷ ಬಲವಾಗಿದೆಯೆಂದು ಮನದಟ್ಟಾಯಿತು. ಅದರೊಡನೆ ಇನ್ನೊಂದೂ ಮನದಟ್ಟಾಯಿತು: ಈ ದಾವೆ ಹೀಗೆಯೇ ಎಳೆದರೆ ಎರಡೂ ಮನೆಗಳು ಹಾಳು, ಗೆಲ್ಲುವವರು ವಕೀಲರು ಮಾತ್ರ. ಫೀ ಏರುತ್ತಲೇ ಇತ್ತು, ವರ್ತಕರ ಹೊತ್ತೆಲ್ಲ ದಾವೆಗೇ ಹೋಗುತ್ತಿತ್ತು, ದ್ವೇಷ ಬೆಳೆಯುತ್ತಿತ್ತು.

ಗಾಂಧಿಯವರು ತಯ್ಯಬ್ ಸೇಠರನ್ನು ಕಂಡು ಪಂಚಾಯ್ತಿಗೆ ಒಪ್ಪಿಸಿದರು. ಪಂಚರ ಮುಂದೆ ವಾದ ನಡೆದು ದಾದಾ ಅಬ್ದುಲ್ಲಾರಿಗೆ 37,000 ಪೌಂಡು ಮತ್ತು ಖರ್ಚು ಸಿಗಬೇಕೆಂದು ತೀರ್ಪಾಯಿತು. ಇಲ್ಲಿಗೆ ವಕೀಲನ ಕೆಲಸ ಮುಗಿಯಿತೆಂದು ಯಾರಾದರೂ ಹೇಳುವರು. ಆದರೆ ಅಷ್ಟು ಹಣವನ್ನು ಒಮ್ಮೆಲೇ ಕೊಟ್ಟರೆ ತಯ್ಯಬ್ ಸೇಠರು ದಿವಾಳಿಯೇ ಸರಿ. ಪೋರಬಂದರಿನ ಮೇಮನ್ನರಿಗೆ ದಿವಾಳಿಗಿಂತ ಸಾವು ಮೇಲು. ಗೆದ್ದ ಕಕ್ಷಿದಾರನನ್ನು ಮತ್ತೆ ಒಪ್ಪಿಸುವುದು ಗಾಂಧಿಯವರಿಗೆ ಪಂಚಾಯ್ತಿಗಿಂತ ಕಷ್ಟವಾಯಿತು. ಕೊನೆಗೆ ದಾದಾ ಅಬ್ದುಲ್ಲಾರು ಬಹಳ ವರ್ಷಗಳ ಕಂತುಗಳಲ್ಲಿ ಹಣ ಪಡೆಯಲು ಸಮ್ಮತಿಸಿದರು. ನಮ್ಮ ಗಾದೆ ಆ ದಿನ ಸುಳ್ಳಾಯಿತು. ಗೆದ್ದವನು ಸೋಲಲಿಲ್ಲ, ಸೋತವನು ಸಾಯಲಿಲ್ಲ. ಇಬ್ಬರ ಮಾನವೂ ಪೇಟೆಯಲ್ಲಿ ಹೆಚ್ಚಿತು. ಒಡೆದ ಮನಸ್ಸುಗಳನ್ನು ಕೂಡಿಸುವುದೇ ವಕೀಲನ ನಿಜವಾದ ಕೆಲಸವೆಂದು ಗಾಂಧಿಯವರು ಅಂದು ಅರಿತರು. ಮುಂದಿನ ವರ್ಷಗಳಲ್ಲಿ ನೂರಾರು ಮೊಕದ್ದಮೆಗಳನ್ನು ಕೋರ್ಟಿನ ಹೊರಗೆ ರಾಜಿ ಮಾಡಿಸಿದರು. ಅದರಿಂದ ತಮಗೆ ಹಣದ ನಷ್ಟವೂ ಆಗಲಿಲ್ಲವೆಂದು ಅವರೇ ಲೆಕ್ಕ ಒಪ್ಪಿಸಿದ್ದಾರೆ.

1894ರಲ್ಲಿ ಊರಿಗೆ ಹೊರಟುನಿಂತವರನ್ನು, ಭಾರತೀಯರ ಮತದ ಹಕ್ಕು ಕಸಿಯುವ ಮಸೂದೆಯ ವಿರುದ್ಧ ಹೋರಾಡಲೆಂದು ಡರ್ಬನ್ನಿನ ಜನ ತಡೆದರು. ಆಗ ಜೀವನೋಪಾಯದ ಪ್ರಶ್ನೆ ಬಂತು. ಸಾರ್ವಜನಿಕ ಸೇವೆಗೆ ಸಾರ್ವಜನಿಕರ ಹಣವನ್ನು ಸಂಬಳವಾಗಿ ಪಡೆಯಲಾರೆನೆಂದು ಗಾಂಧಿಯವರು ಹೇಳಿದರು. ಸುಮಾರು ಇಪ್ಪತ್ತು ವರ್ತಕರು ತಮ್ಮ ತಮ್ಮ ಕೋರ್ಟು ಕೆಲಸಗಳಿಗಾಗಿ ಅವರನ್ನು ವರ್ಷದ ಮಟ್ಟಿಗೆ ಗೊತ್ತು ಮಾಡಿಕೊಂಡರು. ವಕೀಲಿಯ ದುಡಿಮೆಗೆ ಫೀ, ಜನರ ಕೆಲಸಕ್ಕೆ ಪುಕ್ಕಟೆ ಎಂಬ ಈ ಗೆರೆಯನ್ನು ಅವರು ಎಂದೂ ಅಳಿಸಲಿಲ್ಲ.

ನೇಟಾಲಿನ ವಕೀಲರ ಸಂಘ ಈ ಭಾರತೀಯನಿಗೆ ಸನ್ನದು ಕೊಡಬಾರದೆಂದು ಅಡ್ಡಿ ಮಾಡಿತು. ಕಾಯಿದೆಯಲ್ಲಿ ಬಣ್ಣದ ಭೇದವಿಲ್ಲವೆಂದು ಸುಪ್ರೀಂ ಕೋರ್ಟು ಆ ಅಡ್ಡಿಯನ್ನು ತಳ್ಳಿಹಾಕಿತು. ಪ್ರಮಾಣವಚನ ಮುಗಿದೊಡನೆ ಮುಖ್ಯ ನ್ಯಾಯಾಧೀಶರು ಪೇಟ ತೆಗೆಯಬೇಕೆಂದರು. ಹಿಂದಿನ ವರ್ಷ ಡರ್ಬನ್ನಿನ ಮ್ಯಾಜಿಸ್ಟ್ರೇಟನ ಮುಂದೆ ಪೇಟ ತೆಗೆಯಲೊಲ್ಲದೆ ಹೊರನಡೆದಿದ್ದ ಗಾಂಧಿಯವರು ಈಗ ತೆಗೆದರು. ಕೋರ್ಟಿನ ಅಧಿಕಾರಿಯಾಗಿ ನಿಂತ ಮೇಲೆ ಕೋರ್ಟಿನ ಶಿಸ್ತಿಗೆ ಒಳಗಾಗಬೇಕು, ಶಕ್ತಿಯನ್ನು ದೊಡ್ಡ ಹೋರಾಟಗಳಿಗೆ ಉಳಿಸಿಕೊಳ್ಳಬೇಕು ಎಂಬುದು ಅವರ ಲೆಕ್ಕಾಚಾರ. ದಾದಾ ಅಬ್ದುಲ್ಲಾರಿಗೆ ಇದು ಹಿಡಿಸಲಿಲ್ಲ, ಗಾಂಧಿಯವರು ಸಮಾಧಾನಪಡಿಸಿದರು.

ಕೆಲವೇ ತಿಂಗಳಲ್ಲಿ ಬಾಲಸುಂದರಂ ಎಂಬ ತಮಿಳು ಕೂಲಿಯಾಳು ಹರಿದ ಬಟ್ಟೆಯಲ್ಲಿ, ಒಡೆಯನ ಏಟಿಗೆ ಮುಂದಿನ ಎರಡು ಹಲ್ಲು ಮುರಿದು, ರುಮಾಲನ್ನು ಕೈಯಲ್ಲಿ ಹಿಡಿದು ಅಳುತ್ತ ಅವರ ಕಛೇರಿಗೆ ಬಂದ. ಬಿಳಿಯರ ಮುಂದೆ ತಲೆಯುಡುಗೆ ತೆಗೆಯಬೇಕೆಂಬ ಕಟ್ಟಳೆಯಿಂದ ಕಲಿತ ಅಭ್ಯಾಸ ಅದು. ರುಮಾಲನ್ನು ಸುತ್ತಿಕೊಳ್ಳೆಂದು ಗಾಂಧಿಯವರು ಮೊದಲು ಹೇಳಿದರು. ಆಮೇಲೆ ವೈದ್ಯನ ಬಳಿ ಕರೆದೊಯ್ದು ಗಾಯದ ಪತ್ರ ಬರೆಸಿ, ಮ್ಯಾಜಿಸ್ಟ್ರೇಟನ ಬಳಿಗೆ ಕರೆದೊಯ್ದರು. ಒಡೆಯನಿಗೆ ಶಿಕ್ಷೆಯಾಗಲೆಂಬುದು ಅವರ ಉದ್ದೇಶವಾಗಿರಲಿಲ್ಲ. ಕರಾರಿನ ಕೂಲಿ ಕೆಲಸ ಬಿಟ್ಟರೆ ಅದೇ ಅಪರಾಧವೆನ್ನುವ ಕಾಯಿದೆಯಿದ್ದ ನಾಡು ಅದು. ಆತನಿಗೆ ಬೇಕಾಗಿದ್ದುದು ಬಿಡುಗಡೆ. ಒಡೆಯನನ್ನು ಒಪ್ಪಿಸಿ, ಬೇರೊಬ್ಬ ಯಜಮಾನನನ್ನು ತಾವೇ ಹುಡುಕಿ, ಆತನನ್ನು ಅಲ್ಲಿಗೆ ವರ್ಗ ಮಾಡಿಸಿದರು. ಕಕ್ಷಿದಾರನ ಹಿತ ಯಾವುದೆಂದು ಮೊದಲು ಯೋಚಿಸಿ ಆಮೇಲೆ ಕಾಯಿದೆಯನ್ನು ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತೋರದು.

1903ರಿಂದ ಜೊಹಾನ್ಸ್‌ಬರ್ಗಿನಲ್ಲಿ ಅವರ ವಕೀಲಿ ಬೆಳೆಯಿತು. ಬಂದ ಪ್ರತಿಯೊಬ್ಬ ಕಕ್ಷಿದಾರನಿಗೂ ಮೊದಲೇ ಎರಡು ಮಾತು: ಸುಳ್ಳು ಮೊಕದ್ದಮೆ ನಡೆಸುವುದಿಲ್ಲ, ಸಾಕ್ಷಿಗಳಿಗೆ ಪಾಠ ಹೇಳಿಕೊಡುವುದಿಲ್ಲ. ಇದರ ಫಲ ವಿನೋದವಾಗಿತ್ತು. ಕೆಲವರು ಶುದ್ಧವಾದ ಮೊಕದ್ದಮೆಗಳನ್ನು ಮಾತ್ರ ಇವರಿಗೆ ಕೊಟ್ಟು, ಸಂಶಯದವನ್ನು ಬೇರೆಯವರ ಬಳಿಗೆ ಒಯ್ಯುತ್ತಿದ್ದರು. ಒಮ್ಮೆ ಮ್ಯಾಜಿಸ್ಟ್ರೇಟನ ಮುಂದೆ ವಿಚಾರಣೆ ನಡೆಯುತ್ತಿರುವಾಗಲೇ ಕಕ್ಷಿದಾರ ತಮ್ಮನ್ನು ವಂಚಿಸಿದ್ದಾನೆಂದು ತಿಳಿದು, ಆತನ ಮೊಕದ್ದಮೆಯನ್ನು ವಜಾ ಮಾಡಬೇಕೆಂದು ತಾವೇ ಕೇಳಿಕೊಂಡರು. ಎದುರು ವಕೀಲ ಬೆರಗಾದ.

ಈ ಪ್ರಸಂಗವನ್ನು ಇಂದಿನ ಎಲ್ಲ ವಕೀಲರೂ ಒಪ್ಪುವರೆಂದು ನಾವು ಹೇಳಲಾರೆವು. ಕಕ್ಷಿದಾರನ ಗುಟ್ಟು ಕಾಯುವುದೂ ಒಂದು ಧರ್ಮವೇ. 1872ರ ಸಾಕ್ಷ್ಯ ಕಾಯಿದೆಯಲ್ಲಿ ಅದಕ್ಕೆ ರಕ್ಷಣೆಯಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ಕೋರ್ಟಿಗೆ ಸುಳ್ಳು ಹೇಳಬಾರದು, ಕಕ್ಷಿದಾರನಿಗೆ ದ್ರೋಹ ಬಗೆಯಬಾರದು. ಈ ಎರಡರ ನಡುವಿನ ದಾರಿ ಕತ್ತಿಯ ಅಲಗಿನಂತಹದು. ಆ ದಾರಿಯಲ್ಲಿ ಗಾಂಧಿಯವರು ನಡೆದ ಬಗೆಯನ್ನು ಇನ್ನೊಂದು ಮೊಕದ್ದಮೆ ತೋರಿಸುತ್ತದೆ.

ಅದು ಲೆಕ್ಕಪತ್ರದ ತೊಡಕಿನ ವ್ಯಾಜ್ಯ. ಲೆಕ್ಕ ಬಲ್ಲ ಪಂಚರು ಗಾಂಧಿಯವರ ಕಕ್ಷಿದಾರನಿಗೆ ಸಂಪೂರ್ಣ ಅನುಕೂಲವಾಗಿ ತೀರ್ಪು ಕೊಟ್ಟಿದ್ದರು. ಆದರೆ ಖರ್ಚಿಗೆ ಬರೆಯಬೇಕಾದ ಒಂದು ರಕಮು ಜಮಾ ಕಡೆಗೆ ಸೇರಿಹೋಗಿತ್ತು. ರಕಮು ಚಿಕ್ಕದು, ತಪ್ಪು ದೊಡ್ಡದು. ಎದುರು ಪಕ್ಷದವರು ಬೇರೆ ಕಾರಣಗಳಿಂದ ತೀರ್ಪನ್ನು ಪ್ರಶ್ನಿಸಿದ್ದರು; ಈ ತಪ್ಪು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಹಿರಿಯ ವಕೀಲರು, ನಮಗೆ ವಿರುದ್ಧವಾದುದನ್ನು ನಾವೇ ಏಕೆ ಒಪ್ಪಬೇಕು, ಇಡೀ ತೀರ್ಪೇ ಬಿದ್ದುಹೋದೀತು ಎಂದರು. ಕಿರಿಯರಾದ ಗಾಂಧಿಯವರು ಒಪ್ಪಿಕೊಳ್ಳಲೇಬೇಕೆಂದರು. ಇಬ್ಬರ ಮಾತೂ ಕಕ್ಷಿದಾರನ ಎದುರಿಗೇ ನಡೆಯಿತು. ಸೋತರೂ ಚಿಂತೆಯಿಲ್ಲ, ತಪ್ಪನ್ನು ಒಪ್ಪಿಕೊಂಡೇ ನೀವು ವಾದಿಸಿರೆಂದು ಕಕ್ಷಿದಾರ ಗಾಂಧಿಯವರಿಗೆ ಅಧಿಕಾರ ಕೊಟ್ಟ. ಹಿರಿಯರು ಹಿಂದೆ ಸರಿದರು. ಗಾಂಧಿಯವರು ನಡುಗುತ್ತಲೇ ಎದ್ದುನಿಂತು ತಪ್ಪನ್ನು ಹೇಳಿದೊಡನೆ ನ್ಯಾಯಮೂರ್ತಿಗಳಲ್ಲೊಬ್ಬರು ಇದು ಕುಯುಕ್ತಿಯಲ್ಲವೇ ಎಂದು ಕೇಳಿದರು. ಸತ್ಯ ಹೇಳಿದವನಿಗೇ ಈ ಮಾತು! ಒಳಗೆ ಕುದಿದರೂ ತಾಳ್ಮೆಗೆಡದೆ ವಿವರಿಸಿದರು. ಕೊನೆಗೆ ಆ ಒಂದು ರಕಮನ್ನು ತಿದ್ದಿ ಉಳಿದ ತೀರ್ಪನ್ನು ಕೋರ್ಟು ಎತ್ತಿಹಿಡಿಯಿತು. ಸತ್ಯವನ್ನು ಕೋರ್ಟಿಗೆ ತಿಳಿಸಿದರು, ಆದರೆ ಕಕ್ಷಿದಾರನ ಒಪ್ಪಿಗೆ ಪಡೆದು ತಿಳಿಸಿದರು. ನಮ್ಮ ಕಣ್ಣಿಗೆ ಇದು ಅವರ ವಕೀಲಿಯ ಅತ್ಯುನ್ನತ ಘಟ್ಟ.

ಫೀಯ ವಿಷಯದಲ್ಲಿಯೂ ಅವರದು ಚೊಕ್ಕ ಲೆಕ್ಕ. ಜೊಹಾನ್ಸ್‌ಬರ್ಗಿನ ಭಾರತೀಯರ ಕೇರಿಯನ್ನು ನಗರಸಭೆ ವಶಪಡಿಸಿಕೊಂಡಾಗ ಪರಿಹಾರಕ್ಕಾಗಿ ಸುಮಾರು 70 ಮೊಕದ್ದಮೆಗಳು ಅವರ ಕೈಗೆ ಬಂದವು. ಗೆದ್ದರೂ ಸೋತರೂ ಮೊಕದ್ದಮೆಗೆ 10 ಪೌಂಡು ಎಂದು ಗೊತ್ತಾಯಿತು. ಅದರಲ್ಲಿ ಅರ್ಧವನ್ನು ಬಡವರ ಆಸ್ಪತ್ರೆಗೋ ಅಂತಹದೇ ಸಂಸ್ಥೆಗೋ ತೆಗೆದಿಡುವುದಾಗಿ ಅವರು ಮೊದಲೇ ತಿಳಿಸಿದರು. 70ರಲ್ಲಿ ಸೋತುದು ಒಂದೇ.

ಇನ್ನು ಪಾರಸಿ ರುಸ್ತುಮಜೀಯವರ ಕಥೆ. 1897ರಲ್ಲಿ ಡರ್ಬನ್ನಿನ ಬಿಳಿಯರ ಗುಂಪು ಗಾಂಧಿಯವರ ಮೇಲೆ ಕೈಮಾಡಿದಾಗ ಅವರಿಗೆ ಆಶ್ರಯ ಕೊಟ್ಟ ಮನೆ ರುಸ್ತುಮಜೀಯವರದು. ಕಕ್ಷಿದಾರ, ಗೆಳೆಯ, ಸಹಕಾರಿ, ಎಲ್ಲವೂ ಅವರೇ. ಮುಂಬಯಿ, ಕಲಕತ್ತೆಗಳಿಂದ ಸರಕು ತರಿಸುವಾಗ ಸುಂಕ ತಪ್ಪಿಸುವ ಚಾಳಿ ಅವರಿಗಿತ್ತು. ಗಾಂಧಿಯವರಿಗೆ ಅದು ತಿಳಿದಿರಲಿಲ್ಲ. ಸಿಕ್ಕಿಬಿದ್ದಾಗ ಕಣ್ಣೀರಿಡುತ್ತ ಓಡಿಬಂದರು. ಸುಂಕದ ಅಧಿಕಾರಿಗೂ ಅಟಾರ್ನಿ ಜನರಲ್‌ರಿಗೂ ಎಲ್ಲವನ್ನೂ ಒಪ್ಪಿಕೊಂಡು, ಅವರು ಹಾಕುವ ದಂಡ ತೆರಬೇಕು. ಜೈಲಾದರೆ ಅದಕ್ಕೂ ಸಿದ್ಧರಿರಬೇಕು. ನಾಚಿಕೆಯಿರುವುದು ಅಪರಾಧದಲ್ಲಿ, ಜೈಲಿನಲ್ಲಲ್ಲ ಎಂಬುದು ಗಾಂಧಿಯವರ ಸಲಹೆ. ರುಸ್ತುಮಜೀ ಒಪ್ಪಿದರು. ಗಾಂಧಿಯವರು ಅಧಿಕಾರಿಗಳ ಬಳಿ ಓಡಾಡಿ, ಒಪ್ಪಿಕೊಂಡ ಸುಂಕಗಳ್ಳತನದ ಮೊತ್ತದ ಎರಡರಷ್ಟು ತೆತ್ತು ಪ್ರಕರಣ ಮುಗಿಯುವಂತೆ ಮಾಡಿದರು. ರುಸ್ತುಮಜೀ ಈ ಸಂಗತಿಯನ್ನೆಲ್ಲ ಬರೆಸಿ, ಚೌಕಟ್ಟು ಹಾಕಿಸಿ, ಮಕ್ಕಳು ಮತ್ತು ವರ್ತಕರ ಕಣ್ಣಿಗೆ ಸದಾ ಬೀಳಲೆಂದು ತಮ್ಮ ಕಛೇರಿಯಲ್ಲಿ ತೂಗುಹಾಕಿದರು. ಋಣವಿದ್ದ ಗೆಳೆಯನಿಗೂ ಸುಳ್ಳಿನ ಕೊಡೆ ಹಿಡಿಯದ ವಕೀಲ, ಆ ಕಹಿ ಮದ್ದನ್ನು ಕುಡಿದ ಕಕ್ಷಿದಾರ, ಇಬ್ಬರೂ ದೊಡ್ಡವರೇ.

1908ರ ಜನವರಿಯಲ್ಲಿ, ತಾವು ವಕೀಲರಾಗಿ ನಿಲ್ಲುತ್ತಿದ್ದ ಜೊಹಾನ್ಸ್‌ಬರ್ಗಿನ ಕೋರ್ಟಿನಲ್ಲೇ ಗಾಂಧಿಯವರು ಆರೋಪಿಯಾಗಿ ನಿಂತು ಎರಡು ತಿಂಗಳ ಸಜೆ ಪಡೆದರು. ಕ್ರಮೇಣ ವಕೀಲಿ ನಿಂತಿತು. 1909ರ ಹಿಂದ್ ಸ್ವರಾಜ್ಯದಲ್ಲಿ ಅವರು ವಕೀಲ ವೃತ್ತಿಯನ್ನು ಕಟುವಾಗಿ ಟೀಕಿಸಿದರು. ಜಗಳ ಆರಿಸಬೇಕಾದವರೇ ಜಗಳ ಬೆಳೆಸುತ್ತಾರೆಂಬುದು ಅವರ ದೂರು. ಒಳಗಿದ್ದು ಬಲ್ಲವರ ದೂರು ಅದು. ಸ್ವದೇಶಕ್ಕೆ ಮರಳಿದ ಬಳಿಕ, ನ್ಯಾಯಾಧೀಶರೊಬ್ಬರ ಪತ್ರವನ್ನು ತಮ್ಮ ಪತ್ರಿಕೆಯಲ್ಲಿ 1919ರಲ್ಲಿ ಟೀಕೆಯೊಡನೆ ಪ್ರಕಟಿಸಿದುದಕ್ಕಾಗಿ ಮುಂಬಯಿ ಹೈಕೋರ್ಟಿನಲ್ಲಿ ನ್ಯಾಯಾಲಯ ನಿಂದನೆಯ ಆರೋಪ ಎದುರಿಸಿದರು. ಮನಸ್ಸಿನಲ್ಲಿಲ್ಲದ ಕ್ಷಮೆಯನ್ನು ಬಾಯಲ್ಲಿ ಕೇಳಲೊಲ್ಲದೆ, ಶಿಕ್ಷೆಗೆ ತಲೆಬಾಗಲು ಸಿದ್ಧರಾದರು; 1920ರಲ್ಲಿ ಹೈಕೋರ್ಟು ಕಟುವಾದ ಎಚ್ಚರಿಕೆ ಕೊಟ್ಟು ಬಿಟ್ಟಿತು. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ರಾಜದ್ರೋಹದ ಆರೋಪವನ್ನು ಒಪ್ಪಿಕೊಂಡು ಆರು ವರ್ಷದ ಸಜೆ ಪಡೆದರು. ಅದೇ ವರ್ಷದ ನವೆಂಬರಿನಲ್ಲಿ ಇನ್ನರ್ ಟೆಂಪಲ್ ಅವರ ಹೆಸರನ್ನು ಹೊಡೆದುಹಾಕಿತು. ಕಕ್ಷಿದಾರನಿಗಾಗಿ ಒಂದು ಸುಳ್ಳೂ ಹೇಳದ ಬ್ಯಾರಿಸ್ಟರ್ ಹೀಗೆ ಪಟ್ಟಿಯಿಂದ ಹೊರಬಿದ್ದ. ಆ ಹೆಸರು ಮರಳಿ ಸೇರಿದುದು 1988ರಲ್ಲಿ, ಅವರು ತೀರಿಕೊಂಡು 40 ವರ್ಷಗಳಾದ ಮೇಲೆ.

ಪಟ್ಟಿಯಿಂದ ಹೊರಬಿದ್ದು ಎರಡು ವರ್ಷಗಳ ಬಳಿಕ, 1924ರ ಡಿಸೆಂಬರಿನಲ್ಲಿ, ಅವರು ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಅವರು ಅಧ್ಯಕ್ಷರಾದ ಅಧಿವೇಶನ ಅದೊಂದೇ. ಕನ್ನಡ ನಾಡಿನ ಉದಯವನ್ನು ಹಾರೈಸುವ ಗೀತೆ ಅಲ್ಲಿ ಮೊಳಗಿತು. ಅದನ್ನು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನ ವಕೀಲರು. ಕರ್ನಾಟಕ ಏಕೀಕರಣಕ್ಕೆ ಬಾಳು ತೆತ್ತ ಆಲೂರು ವೆಂಕಟರಾಯರೂ ಕಾಯಿದೆ ಓದಿದವರು. ಗಾಂಧಿಯವರ ಕರೆಗೆ ಓಗೊಟ್ಟು ಮಂಗಳೂರಿನ ಕಾರ್ನಾಡ ಸದಾಶಿವರಾಯರು ವಕೀಲಿಯನ್ನೂ ಸಿರಿಯನ್ನೂ ತ್ಯಜಿಸಿದರು. ನಾವು ಆಚರಿಸುವ ನವೆಂಬರ್ 1ರ ಹಬ್ಬದ ಹಿಂದೆ ಇಂತಹ ಕರಿ ಕೋಟುಗಳ ತ್ಯಾಗವೂ ಇದೆಯೆಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು.

ಗಾಂಧಿಯವರು ಪೆಟ್ಟು ತಿಂದು ಕಲಿತುದು ಇಂದು ನಿಯಮಗಳ ರೂಪದಲ್ಲಿದೆ. 1961ರ ಅಡ್ವೊಕೇಟ್ಸ್ ಕಾಯಿದೆಯಂತೆ ಭಾರತೀಯ ವಕೀಲರ ಪರಿಷತ್ತು ವೃತ್ತಿ ನಡತೆಯ ನಿಯಮಗಳನ್ನು ರಚಿಸಿದೆ. ದಲ್ಲಾಳಿಗಳ ಮೂಲಕ ಮೊಕದ್ದಮೆ ಹಿಡಿಯಬಾರದು. ಇದು ಮಮೀಬಾಯಿಯ ಮೊಕದ್ದಮೆಯ ಪಾಠ. ತೀರ್ಪಿನ ಮೇಲೆ ಅಡ್ಡದಾರಿಯಿಂದ ಪ್ರಭಾವ ಬೀರಬಾರದು. ಇದು ರಾಜಕೋಟೆಯ ಪಾಠ. ಗೆಲುವಿಗೆ ಇಷ್ಟೆಂದು ಫೀ ಗೊತ್ತು ಮಾಡಬಾರದು, ಬಡವರಿಗೆ ನೆರವಾಗುವುದು ದೊಡ್ಡ ಕರ್ತವ್ಯ. ಇವು ಜೊಹಾನ್ಸ್‌ಬರ್ಗಿನ ಪಾಠಗಳು. ಹೊಸ ವಕೀಲರು ಬರೆಯುವ ಅಖಿಲ ಭಾರತ ಪರೀಕ್ಷೆಯಲ್ಲಿ ವೃತ್ತಿಧರ್ಮವೂ ಒಂದು ವಿಷಯ. ಅಮೆರಿಕದ ಅನೇಕ ರಾಜ್ಯಗಳಲ್ಲಿ ತಲೆ ನರೆತ ವಕೀಲರೂ ಕಾಲಕಾಲಕ್ಕೆ ಇಂತಿಷ್ಟು ಗಂಟೆ ಪಾಠಕ್ಕೆ ಕೂರಬೇಕು, ಅದರಲ್ಲಿ ನೀತಿಯ ಪಾಠವೂ ಇರಬೇಕೆಂಬ ಕಟ್ಟಳೆಯಿದೆ. ಕೇಳಿದವರಿಗೆ ನಗು ಬಂದೀತು. ಪಳಗಿದ ವಕೀಲನಿಗೆ ನೀತಿಪಾಠವೇ ಎಂದು. ರಾಜಕೋಟೆಯಲ್ಲಿ ಸಡಿಲಗೊಂಡ ಗಾಂಧಿಯವರ ನೇಮವನ್ನು ನೆನೆದವರಿಗೆ ನಗು ಬಾರದು. ಒಮ್ಮೆ ಕಲಿತು ಮುಗಿಸಿದೆವೆನ್ನುವ ಧರ್ಮ ಮುಂದಿನ ಪರೀಕ್ಷೆಯಲ್ಲೇ ಜಾರುತ್ತದೆ.

ಪಾಠ ವಕೀಲರಿಗೆ ಮಾತ್ರವೇ? ಸುಳ್ಳು ಸಾಕ್ಷಿ ಹೇಳಿಸುವ ವಕೀಲನನ್ನು ನಾವೇ ಹುಡುಕಿಕೊಂಡು ಹೋಗಿ, ಆಮೇಲೆ ವೃತ್ತಿಯೇ ಕೆಟ್ಟಿತೆಂದು ಹಳಿಯುವುದು ನ್ಯಾಯವಲ್ಲ. ಗಾಂಧಿಯವರ ಸತ್ಯ ಗೆದ್ದುದು ದಾದಾ ಅಬ್ದುಲ್ಲಾ ಕಂತಿಗೆ ಒಪ್ಪಿದುದರಿಂದ, ರುಸ್ತುಮಜೀ ದಂಡ ತೆತ್ತುದರಿಂದ, ಹೆಸರು ತಿಳಿಯದ ಆ ಲೆಕ್ಕದ ಮೊಕದ್ದಮೆಯ ಕಕ್ಷಿದಾರ ಸೋಲಿಗೂ ಸಿದ್ಧನಾದುದರಿಂದ. ಪರಸ್ಥಳದಲ್ಲಿ ದುಡಿದು, ಮಾನದಿಂದ ಬಾಳಿ, ಕನ್ನಡಿಗರೆಂದರೆ ನಂಬಿಗಸ್ತರೆಂಬ ಹೆಸರನ್ನು ನಮ್ಮ ಹಿರಿಯರು ಗಳಿಸಿಕೊಟ್ಟಿದ್ದಾರೆ. ಆ ಹೆಸರು ಉಳಿಯಬೇಕಾದರೆ ನಮ್ಮ ಮನೆಗಳಿಂದ ಒಳ್ಳೆಯ ವಕೀಲರು ಹೊರಡಬೇಕು. ಅವರಿಗಿಂತ ಮೊದಲು, ಒಳ್ಳೆಯ ಕಕ್ಷಿದಾರರಾಗಲು ನಾವು ಕಲಿಯಬೇಕು.